ಮೊದಲು ಕಥೆ, ಆಮೇಲೆ ಕುಂಚ: ಶಾಲೆಯ ಕಲಾ ತರಗತಿಗೆ ಹತ್ತು ಸೂತ್ರಗಳು

ಯಾವುದಾದರೂ ಶಾಲೆಗೆ ಹೋಗಿ, “ಮಕ್ಕಳೇ, ಏನಾದರೂ ಚಿತ್ರ ಬಿಡಿಸಿ” ಎಂದು ಹೇಳಿ ನೋಡಿ. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ, ದಡದಲ್ಲಿ ಹೆಂಚಿನ ಮನೆ, ಪಕ್ಕದಲ್ಲಿ ತೆಂಗಿನ ಮರ. ಕರಾವಳಿಯ ಮಗು ಬಿಡಿಸುವುದೂ ಇದನ್ನೇ, ಬಂಡೆಗಳ ನಡುವೆ ಬೆಳೆದ ರಾಯಚೂರಿನ ಮಗು ಬಿಡಿಸುವುದೂ ಇದನ್ನೇ. ಮಕ್ಕಳ ಕೈಯಲ್ಲಿ ದೋಷವಿಲ್ಲ. ಹೇಳುವುದಕ್ಕೆ ಏನೂ ಇಲ್ಲದಾಗ ಕೈ ಸವೆದ ಹಾದಿಯನ್ನೇ ಹಿಡಿಯುತ್ತದೆ. ಮನಸ್ಸಿನಲ್ಲಿ ಒಂದು ಕಥೆ ಕೂತರೆ ಅದೇ ಕೈ ಹೊಸ ದಾರಿ ಹುಡುಕುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆಯೊಡನೆ ಬೆಸೆದ ಕಲಿಕೆಯನ್ನು ಮತ್ತು ಕಥೆಯ ಮೂಲಕ ಕಲಿಸುವುದನ್ನು ಹೆಸರಿಟ್ಟು ಹೇಳಿದೆ. ಅದನ್ನು ತರಗತಿಯೊಳಗೆ ತರುವ ದಾರಿಗಳು ಇಲ್ಲಿವೆ.

1. ಕಥೆ ಹೇಳಿ, ಮಾದರಿ ಚಿತ್ರ ತೋರಿಸಬೇಡಿ

ಪುಣ್ಯಕೋಟಿಯ ಕಥೆ ಹೇಳುವ ದಿನ ಗೋಡೆಯ ಮೇಲಿನ ಚಾರ್ಟ್ ತೆಗೆದಿಡಿ. ಚಾರ್ಟ್ ಕಂಡರೆ ಮೂವತ್ತು ಮಕ್ಕಳೂ ಅದೇ ಹುಲಿಯನ್ನು ನಕಲು ಮಾಡುತ್ತಾರೆ. ಅದರ ಬದಲು ಪ್ರಶ್ನೆ ಕೇಳಿ. ಕರುವಿಗೆ ಹಾಲು ಕೊಟ್ಟು ಹಸು ಹಿಂತಿರುಗುವಾಗ ಹೊತ್ತು ಎಷ್ಟಾಗಿತ್ತು? ದಾರಿಯಲ್ಲಿ ಏನೇನು ಕಂಡಿತು? ಹುಲಿಯ ಗುಹೆ ಒಳಗಿನಿಂದ ಹೇಗಿದ್ದೀತು? ಈ ಮೂರು ಪ್ರಶ್ನೆಗೆ ಉತ್ತರ ಹುಡುಕುವಾಗಲೇ ಬೆಳಕು, ದೂರ, ಬಣ್ಣ ಎಲ್ಲವೂ ಮಗುವಿನ ತಲೆಯೊಳಗೆ ಬಂದಿರುತ್ತವೆ.

2. ಕವಲಿನಲ್ಲಿ ಕಥೆ ನಿಲ್ಲಿಸಿ

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಗೊತ್ತಿಲ್ಲದ ಕನ್ನಡ ಶಾಲೆ ವಿರಳ. ಇಲಿಗಳೆಲ್ಲ ಹೊಳೆ ಸೇರಿದವು, ಜೋಗಿ ಮಾತಾಡಿದ ಹಣ ಕೇಳಿದ, ಗೌಡ ಕೊಡಲೊಲ್ಲ. ಅಲ್ಲಿಗೆ ನಿಲ್ಲಿಸಿ. ಹಾಳೆಯನ್ನು ಮೂರು ಮಡಿಕೆ ಮಾಡಿ, “ಮುಂದೇನಾಯಿತು, ಮೂರು ಚಿತ್ರದಲ್ಲಿ ಹೇಳಿ” ಎನ್ನಿ. ಒಬ್ಬ ಗೌಡನನ್ನು ತಿದ್ದುತ್ತಾನೆ, ಇನ್ನೊಬ್ಬಳು ಇಲಿಗಳನ್ನು ವಾಪಸು ಕರೆಸುತ್ತಾಳೆ. ಎಲ್ಲರೂ ಮುಗಿಸಿದ ಮೇಲೆ ಕವಿ ಹೇಗೆ ಮುಗಿಸಿದರೆಂದು ಓದಿ ಹೇಳಿ. ಆಗ ಮಕ್ಕಳು ಕೇಳುವ ಗಮನವೇ ಬೇರೆ.

3. ಕೊನೆಗೆ ನೀತಿ ಅಂಟಿಸಬೇಡಿ

ಗಿಳಿಗೆ ವಿದ್ಯೆ ಕಲಿಸುವ ಭರದಲ್ಲಿ ಅದರ ಬಾಯಿಗೆ ಪುಸ್ತಕದ ಹಾಳೆಗಳನ್ನೇ ತುರುಕುತ್ತಾರೆ. ಕೊನೆಗೆ ಗಿಳಿ ಸಾಯುತ್ತದೆ. ರವೀಂದ್ರನಾಥ ಟ್ಯಾಗೋರರ ಈ ಕಥೆಯನ್ನು ಬಿ.ವಿ. ಕಾರಂತರು ‘ಪಂಜರ ಶಾಲೆ’ ಎಂಬ ಮಕ್ಕಳ ನಾಟಕವಾಗಿ ಕನ್ನಡಕ್ಕೆ ತಂದರು. ಕಥೆಯ ಕೊನೆಗೆ ನೀತಿ ತುರುಕುವುದೂ ಹಾಗೆಯೇ. “ಈ ಕಥೆಯ ನೀತಿ ಏನು?” ಎಂದು ನಾವು ಕೇಳಿದ ಕೂಡಲೇ ಮಗು ತನಗೆ ಅನಿಸಿದ್ದನ್ನು ಬದಿಗಿಟ್ಟು ನಮಗೆ ಬೇಕಾದ ಉತ್ತರ ಹುಡುಕತೊಡಗುತ್ತದೆ. “ನಿನಗೆ ಯಾವ ಜಾಗ ಕಣ್ಣಿಗೆ ಕಟ್ಟಿತು?” ಎಂದು ಕೇಳಿ ಸಾಕು. ಚಿತ್ರ ಅಲ್ಲಿಂದ ಶುರುವಾಗುತ್ತದೆ.

4. ಕಲ್ಲಿನ ಕಥೆ ಓದಿಸಿ

ಶಾಲಾ ಪ್ರವಾಸದಲ್ಲಿ ಹಳೇಬೀಡಿಗೆ ಹೋಗದ ಶಾಲೆ ಕಡಿಮೆ. ಆದರೆ ಅಲ್ಲಿ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡು ಬಸ್ ಹತ್ತುವುದೇ ಹೆಚ್ಚು. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ರಾಮಾಯಣ, ಮಹಾಭಾರತ, ಭಾಗವತದ ಪ್ರಸಂಗಗಳು ಪಟ್ಟಿಕೆಯಾಗಿ ಸಾಗುತ್ತವೆ. ಚಿಕ್ಕಮಗಳೂರು ಜಿಲ್ಲೆಯ ಅಮೃತಪುರದಲ್ಲಿ 1196ರ ಅಮೃತೇಶ್ವರ ದೇವಾಲಯದ ಮಂಟಪದ ಸುತ್ತ ಕಥಾಶಿಲ್ಪಗಳ ಸಾಲೇ ಇದೆ.

ಪ್ರತಿ ಮಗುವಿಗೆ ಒಂದು ಅಡಿಯಷ್ಟು ಗೋಡೆ ವಹಿಸಿ. ಯಾರು ದೊಡ್ಡದಾಗಿದ್ದಾರೆ, ಯಾರು ಯಾವ ಕಡೆ ನೋಡುತ್ತಿದ್ದಾರೆ, ಶಿಲ್ಪಿ ಯಾವುದನ್ನು ಬಿಟ್ಟಿದ್ದಾನೆ ಎಂದು ಬರೆದುಕೊಳ್ಳಲಿ. ಊರಿಗೆ ಬಂದ ಮೇಲೆ ಉದ್ದನೆಯ ಕಾಗದದ ಸುರುಳಿಯಲ್ಲಿ ತಮ್ಮ ಪ್ರವಾಸದ ಕಥೆಯನ್ನೇ ಹಾಗೆ ಪಟ್ಟಿಕೆಯಾಗಿ ಬಿಡಿಸಲಿ. ಒಂದು ಚಿತ್ರ ಮುಂದಿನ ಚಿತ್ರಕ್ಕೆ ಕಣ್ಣನ್ನು ಹೇಗೆ ದಾಟಿಸುತ್ತದೆ ಎಂಬುದು ಆಗ ತಾನಾಗಿ ತಿಳಿಯುತ್ತದೆ.

5. ಪರದೆ ಕಟ್ಟಿ, ನೆರಳಿಗೆ ಮಾತು ಕೊಡಿ

ಕೊಪ್ಪಳ ಜಿಲ್ಲೆ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ತೊಗಲುಗೊಂಬೆಯಾಟಕ್ಕಾಗಿ. ಬಾಳೆಲ್ಲ ಬೊಂಬೆಯ ಜತೆ ಕಳೆದ ಅಂಥ ಕಲಾವಿದೆಯ ಬಗ್ಗೆ ಮಕ್ಕಳಿಗೆ ಮೊದಲು ಹೇಳಿ. ಬಳಿಕ ಒಂದು ಬಿಳಿ ಪಂಚೆ, ಒಂದು ಬಲ್ಬು, ಹಳೆಯ ರಟ್ಟು, ಬಿದಿರುಕಡ್ಡಿ ಒಟ್ಟು ಮಾಡಿ. ರಟ್ಟು ಕತ್ತರಿಸಿ, ಕೈಕಾಲಿನ ಕೀಲಿಗೆ ದಾರ ಕಟ್ಟಿದರೆ ಬೊಂಬೆ ಸಿದ್ಧ. ಪರದೆಗೆ ಒತ್ತಿ ಹಿಡಿದರೆ ನೆರಳು ಗೆರೆ ಕೊರೆದಂತೆ ಬೀಳುತ್ತದೆ, ಬಲ್ಬಿನ ಕಡೆಗೆ ಸರಿಸಿದರೆ ಹಿಗ್ಗಿ ಮಸುಕಾಗುತ್ತದೆ. ರಾಕ್ಷಸ ಬೆಳೆಯುವುದನ್ನು ಹೀಗೆ ತೋರಿಸಬಹುದೆಂದು ಮಕ್ಕಳೇ ಕಂಡುಹಿಡಿಯುತ್ತಾರೆ. ವಿಜ್ಞಾನದ ಟೀಚರ್ ಬೆಳಕಿನ ಪಾಠವನ್ನು ಅಲ್ಲೇ ಮಾಡಬಹುದು. ಮುಂದೆ ಬರಲು ನಾಚುವ ಮಗು ಪರದೆಯ ಹಿಂದೆ ನಿಂತು ಬಾಯ್ತುಂಬ ಮಾತಾಡುವುದನ್ನು ಅಂದು ನೀವು ಕೇಳುತ್ತೀರಿ.

6. ಕಾಸು ಖರ್ಚಿಲ್ಲದ ರಂಗಭೂಮಿ: ತಾಳಮದ್ದಳೆ

“ನಾಟಕ ಮಾಡಿಸೋಣ ಅಂದರೆ ವೇಷಕ್ಕೆ ದುಡ್ಡಿಲ್ಲ” ಎಂಬ ಮಾತು ಪ್ರತಿ ಶಾಲೆಯಲ್ಲೂ ಇದೆ. ಕರಾವಳಿ, ಮಲೆನಾಡಿನ ತಾಳಮದ್ದಳೆಗೆ ವೇಷವೂ ಬೇಡ, ಕುಣಿತವೂ ಬೇಡ. ಭಾಗವತರ ಪದ, ಚೆಂಡೆ ಮದ್ದಳೆ, ಎದುರು ಬದರು ಕೂತ ಅರ್ಥಧಾರಿಗಳ ಮಾತು, ಇಷ್ಟೇ. ಮಾತು ಬರೆದುಕೊಟ್ಟದ್ದಲ್ಲ, ಕೂತಲ್ಲೇ ಹುಟ್ಟಬೇಕಾದದ್ದು. ವಾಲಿ ವಧೆಯ ಪ್ರಸಂಗ ಕೊಡಿ. ಮರದ ಮರೆಯಿಂದ ಬಾಣ ಬಿಟ್ಟದ್ದೇಕೆಂದು ವಾಲಿ ಕೇಳಲಿ, ರಾಮ ಉತ್ತರಿಸಲಿ. ಮರುದಿನ ಪಾತ್ರ ಅದಲುಬದಲು ಮಾಡಿ. ನಿನ್ನೆ ತಾನು ಖಂಡಿಸಿದ ಪಕ್ಷವನ್ನು ಇಂದು ತಾನೇ ಸಮರ್ಥಿಸಬೇಕಾದ ಮಗು ಇನ್ನೊಬ್ಬರ ಕಣ್ಣಿಂದ ನೋಡಲು ಕಲಿಯುತ್ತದೆ.

7. ಕಥೆಗೆ ಸದ್ದು ಹುಡುಕಿಸಿ

ಗಮಕಿಗಳು ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಓದುವಾಗ ಭಾವಕ್ಕೆ ತಕ್ಕಂತೆ ರಾಗ ಬದಲಿಸುತ್ತಾರೆ. ಯುದ್ಧಕ್ಕೊಂದು, ಅಳಲಿಗೊಂದು. ಗಮಕಿಯೊಬ್ಬರನ್ನು ಕರೆಸಿ ಒಂದೇ ಪದ್ಯವನ್ನು ಎರಡು ರಾಗದಲ್ಲಿ ಹಾಡಿಸಿ, ವ್ಯತ್ಯಾಸ ಕೇಳಿ. ಸಂಗೀತದ ಟೀಚರ್ ಇಲ್ಲದ ಶಾಲೆಯಲ್ಲಿ ಕೈಗೆ ಸಿಕ್ಕಿದ್ದೇ ವಾದ್ಯ: ಬೆಂಚಿನ ಮೇಲೆ ಬೆರಳು ಬಡಿದರೆ ಮಳೆ, ಎರಡು ಕರಟ ತಟ್ಟಿದರೆ ಕುದುರೆ, ತರಗೆಲೆ ತುಳಿದರೆ ಕಾಡು.

8. ಅಜ್ಜಿಯನ್ನೂ ಕಲಾವಿದರನ್ನೂ ಕರೆಯಿರಿ, ಬರಿಗೈಲಿ ಕಳಿಸಬೇಡಿ

ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ, ಅಕ್ಕಿ ಹಿಟ್ಟಿನ ಬಿಳಿಯಿಂದ ಹಸೆ ಚಿತ್ತಾರ ಬರೆಯುತ್ತಾರೆ. ಒಂದೊಂದು ಗೆರೆಗೂ ಮದುವೆ, ಸುಗ್ಗಿ, ಮನೆತನದ ನೆನಪು ಅಂಟಿದೆ. ನಿಮ್ಮ ಊರಲ್ಲಿ ಚಿತ್ತಾರ ಇಲ್ಲದಿದ್ದರೆ ಕೌದಿ ಹೊಲಿಯುವ ಅಜ್ಜಿ ಇದ್ದಾಳೆ, ಕಂಸಾಳೆಯವರಿದ್ದಾರೆ, ಪಾಡ್ದನ ಹಾಡುವವರಿದ್ದಾರೆ. ಅವರು ತುಳು, ಲಂಬಾಣಿ, ಕೊಡವ, ಉರ್ದು ಯಾವುದರಲ್ಲೇ ಹೇಳಲಿ, ತಡೆಯಬೇಡಿ. ಆ ಭಾಷೆಯ ಮಗು ಅಂದು ತರಗತಿಗೆ ಅರ್ಥ ಹೇಳಿಕೊಡುವ ಗುರುವಾಗುತ್ತದೆ. ಎಸ್‌ಡಿಎಂಸಿ ಸಭೆಯಲ್ಲಿ ಮೊದಲೇ ಮಾತಾಡಿ ಸಂಭಾವನೆ ತೆಗೆದಿಡಿ. ಶಾಲು, ಹಾರ ಗೌರವಕ್ಕಾಯಿತು. ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಅಷ್ಟು ಸಾಲದು.

9. “ಚೆನ್ನಾಗಿದೆ” ಎನ್ನುವ ಬದಲು “ಇದರ ಕಥೆ ಹೇಳು” ಎನ್ನಿ

ಪ್ರತಿಭಾ ಕಾರಂಜಿಯಲ್ಲಿ ಕಥೆ ಹೇಳುವ ಸ್ಪರ್ಧೆ ಇದೆ, ಸಂತೋಷ. ಆದರೆ ಅದಕ್ಕೆಂದು ಬಾಯಿಪಾಠ ಮಾಡಿಸಿದ ಕಥೆಯಲ್ಲಿ ಮಗುವಿನ ದನಿ ಇರುವುದಿಲ್ಲ. ತರಗತಿಯಲ್ಲಿ ಅಂಕದ ಭಯವಿಲ್ಲದೆ ಪ್ರತಿ ಮಗುವೂ ತನ್ನ ಚಿತ್ರದ ಕಥೆ ಹೇಳಲಿ. ಚಿಕ್ಕ ಮಕ್ಕಳು ಹೇಳಿದ್ದನ್ನು ನೀವೇ ಹಾಳೆಯ ಕೆಳಗೆ ಎರಡು ಸಾಲು ಬರೆದುಕೊಡಿ. ಕಪ್ಪು ಗೀಚಿನಂತೆ ಕಂಡದ್ದು ಕರೆಂಟು ಹೋದ ರಾತ್ರಿ ಎಂದು ಆಗ ಗೊತ್ತಾಗುತ್ತದೆ. ವರ್ಷದ ಕೊನೆಗೆ ಆ ಹಾಳೆಗಳನ್ನು ಹೊಲಿದರೆ, ಮಗು ಎಲ್ಲಿಂದ ಎಲ್ಲಿಗೆ ಬಂತೆಂದು ತಂದೆತಾಯಿಗೆ ಅದೇ ತೋರಿಸುತ್ತದೆ.

10. ನಲವತ್ತು ನಿಮಿಷವನ್ನು ಭಾಗ ಮಾಡಿ

ಕಥೆಗೆ ಹತ್ತು ನಿಮಿಷ, ಪ್ರಶ್ನೆಗೆ ಐದು, ಕೈಕೆಲಸಕ್ಕೆ ಹದಿನೈದು, ಮಕ್ಕಳು ಹೇಳುವುದಕ್ಕೆ ಹತ್ತು. ಕೊನೆಯ ಹತ್ತನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ಗಣಿತದ ಸಿಲಬಸ್ ಮುಗಿದಿಲ್ಲವೆಂದು ಡ್ರಾಯಿಂಗ್ ಪೀರಿಯಡ್ ಕೇಳಲು ಯಾರಾದರೂ ಬಂದರೆ ಕೊಡಬೇಡಿ.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದಿದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಆಕೆ ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೆ ಉಸಿರುಕಟ್ಟಿದ ಅವೆರಡೂ ಒಂದು ದಿನ ಅವಳು ನಿದ್ದೆಯಲ್ಲಿದ್ದಾಗ ಹೊರಬಿದ್ದು, ಕಥೆ ಒಂದು ಜೊತೆ ಜೋಡಾಗಿ, ಹಾಡು ಒಂದು ಕೋಟಾಗಿ ಮನೆಯಲ್ಲಿ ಕೂತವು. ಗಂಡ ಅನುಮಾನಪಟ್ಟ, ಜಗಳವಾಯಿತು. ನಮ್ಮ ಒಂದೊಂದು ತರಗತಿಯಲ್ಲೂ ಹಾಗೆ ಹೇಳದೆ ಉಳಿದ ಮೂವತ್ತು ನಲವತ್ತು ಕಥೆಗಳು ಬೆಂಚಿನ ಮೇಲೆ ಕೂತಿವೆ. ಶಿಕ್ಷಕ ಬಂಧುಗಳೇ, ಈ ವಾರದ ಕಲಾ ಪೀರಿಯಡ್‌ಗೆ ಹೋಗುವಾಗ ಬಣ್ಣದ ಡಬ್ಬಿಯ ಜತೆ ಒಂದು ಕಥೆಯನ್ನೂ ತೆಗೆದುಕೊಂಡು ಹೋಗಿ. ನಿಮ್ಮದನ್ನು ಹೇಳಿ, ಅವರದನ್ನು ಕೇಳಿ.