‘ಜುರಾಸಿಕ್ ಪಾರ್ಕ್’ ಮತ್ತು ರಂಗನತಿಟ್ಟು

ಬಾಲ್ಯದಲ್ಲಿ ಮೆಚ್ಚಿ ನೋಡಿದ ಚಲಚ್ಚಿತ್ರವೊಂದನ್ನು ಬಹುಕಾಲದ ಮೇಲೆ ಮತ್ತೆ ನೋಡಿದರೆ ಅದರ ವಿಜ್ಞಾನ ನಿಂತೀತೆ, ಕುಸಿದೀತೆ? ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದ ‘ಜುರಾಸಿಕ್ ಪಾರ್ಕ್’ 1993ರಲ್ಲಿ ತೆರೆ ಕಂಡಿತು. ಮೈಕೇಲ್ ಕ್ರೈಟನ್ 1990ರಲ್ಲಿ ಪ್ರಕಟಿಸಿದ ಕಾದಂಬರಿಯೇ ಅದಕ್ಕೆ ಆಧಾರ. ಅಂದು ತಂದೆತಾಯಿಗಳ ಪಕ್ಕದಲ್ಲಿ ಕುಳಿತು ಅದನ್ನು ನೋಡಿದವರು ಇಂದು ತಮ್ಮ ಮಕ್ಕಳಿಗೆ ತೋರಿಸುತ್ತಿದ್ದಾರೆ. ಡೈನೋಸಾರುಗಳ ವಿಚಾರವಾಗಿ ಅನೇಕರಿಗೆ ತಿಳಿದಿರುವುದೆಲ್ಲ ಈ ಚಿತ್ರದಿಂದ ಬಂದದ್ದೇ. ಪಠ್ಯಪುಸ್ತಕಕ್ಕಿಂತ ತೆರೆಯೇ ಬಲವಾದ ಗುರು. ಆದುದರಿಂದ ಗುರುವನ್ನೊಮ್ಮೆ ಪರೀಕ್ಷಿಸುವುದು ತಪ್ಪಲ್ಲ. ಪರೀಕ್ಷೆಗೆ ದೂರ ಹೋಗಬೇಕಾಗಿಯೂ ಇಲ್ಲ. ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳು ಸಾಕು.

ಕಥೆಯ ತಳಹದಿ ಹೀಗಿದೆ: ಡೈನೋಸಾರಿನ ರಕ್ತ ಹೀರಿದ ಸೊಳ್ಳೆಯೊಂದು ಮರದ ರಾಳದಲ್ಲಿ ಸಿಕ್ಕಿಬೀಳುತ್ತದೆ, ರಾಳ ಕಲ್ಲಾಗುತ್ತದೆ, ಕೋಟ್ಯಂತರ ವರ್ಷಗಳ ಅನಂತರ ಆ ರಕ್ತದಿಂದ ಡಿ.ಎನ್.ಎ. ತೆಗೆದು ಪ್ರಾಣಿಯನ್ನು ಮರಳಿ ಹುಟ್ಟಿಸುತ್ತಾರೆ. ಆದರೆ ಡಿ.ಎನ್.ಎ. ಎಷ್ಟು ಕಾಲ ಬಾಳುತ್ತದೆ? ನ್ಯೂಜಿಲೆಂಡಿನ ಅಳಿದುಹೋದ ಮೋವ ಪಕ್ಷಿಯ ಎಲುಬುಗಳನ್ನು ಅಳೆದವರು 2012ರಲ್ಲಿ ಉತ್ತರ ಕೊಟ್ಟರು. ಸುಮಾರು 13 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ, ನಿರ್ದಿಷ್ಟ ಉದ್ದದ ಡಿ.ಎನ್.ಎ. ತುಂಡುಗಳಲ್ಲಿ ಅರ್ಧದಷ್ಟು ಮುರಿದುಹೋಗಲು 521 ವರ್ಷ ಸಾಕು.

ಈ ಲೆಕ್ಕವನ್ನು ನಮ್ಮ ಸೀಮೆಗೆ ತಂದು ನೋಡೋಣ. ಕೃಷ್ಣರಾಜಪೇಟೆಯ ಬಳಿ ಹೊಸಹೊಳಲಿನಲ್ಲಿ ಲಕ್ಷ್ಮೀನಾರಾಯಣ ದೇವಾಲಯವುಂಟು. ಹೊಯ್ಸಳರ ಕಾಲದ್ದು, ಸುಮಾರು 1250ರಲ್ಲಿ ಕಟ್ಟಿದ್ದು. ಅದರ ಕಲ್ಲು ಸಾಗಿಸಿದ ಎತ್ತೊಂದರ ಎಲುಬು ಅಲ್ಲಿ ಹೂತಿದೆಯೆಂದು ಭಾವಿಸಿದರೆ, ಅರ್ಧಕ್ಕಿಂತ ಹೆಚ್ಚು ತುಂಡುಗಳು ಈಗಾಗಲೇ ಮುರಿದಿವೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಜೈನ ಬಸದಿಗೆ ಸುಮಾರು ಸಾವಿರ ವರ್ಷ; ಅಷ್ಟು ಹಳೆಯ ಎಲುಬಿನಲ್ಲಿ ಉಳಿಯುವುದು ಕಾಲುಭಾಗ ಮಾತ್ರ. ನಮ್ಮ ಬಿಸಿಲಿಗೆ ಅದೂ ಉಳಿಯುವುದು ಕಷ್ಟ, ಏಕೆಂದರೆ ಉಷ್ಣತೆ ಏರಿದಂತೆ ಈ ನಾಶ ತ್ವರಿತವಾಗುತ್ತದೆ. ಡೈನೋಸಾರುಗಳ ಮಹಾಲಯವಾದದ್ದಾದರೋ 6 ಕೋಟಿ 60 ಲಕ್ಷ ವರ್ಷಗಳ ಹಿಂದೆ. ಅಲ್ಲಿಂದ ಇಲ್ಲಿಗೆ ಒಂದು ಲಕ್ಷದ ಇಪ್ಪತ್ತಾರು ಸಾವಿರ ಸಲ ಅರ್ಧ ಮಾಡಿದರೆ ಏನು ಉಳಿದೀತು? ಗ್ರೀನ್‌ಲೆಂಡಿನ ಹಿಮನೆಲದಲ್ಲಿ 20 ಲಕ್ಷ ವರ್ಷ ಹಳೆಯ ಡಿ.ಎನ್.ಎ. ದೊರೆತದ್ದನ್ನು 2022ರಲ್ಲಿ ಪ್ರಕಟಿಸಿದರು; ಅದೇ ದೊಡ್ಡ ಸಾಧನೆಯೆನಿಸಿತು. ಚಿತ್ರದ ರಾಳ ಡೊಮಿನಿಕನ್ ಗಣರಾಜ್ಯದ ಗಣಿಯದು. ಆ ಗಣಿಗಳ ರಾಳಕ್ಕೆ ಎರಡು ಕೋಟಿ ವರ್ಷಗಳಷ್ಟೇ ವಯಸ್ಸು. ಅದರೊಳಗಿನ ಸೊಳ್ಳೆ ಡೈನೋಸಾರನ್ನು ಕಂಡದ್ದೇ ಇಲ್ಲ!

ಮೂಲ ಕಲ್ಪನೆ ಹೀಗೆ ಕುಸಿಯಿತು. ಪಾಂಡವಪುರದ ಕುಂತಿಬೆಟ್ಟವನ್ನು ಅಗೆದರೆ ಎಲುಬಾದರೂ ಸಿಕ್ಕೀತೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಸಿಕ್ಕುವುದಿಲ್ಲ. ಈ ಸೀಮೆಯ ಬಂಡೆಗಳು ಭೂಗರ್ಭದ ಕಾವಿನಲ್ಲಿ ಬೆಂದು ರೂಪುಗೊಂಡವು, ಸುಮಾರು 250 ಕೋಟಿ ವರ್ಷಗಳಷ್ಟು ಇಲ್ಲವೆ ಅದಕ್ಕಿಂತಲೂ ಹಳೆಯವು. ಡೈನೋಸಾರುಗಳು ತಲೆದೋರಿದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಇದೇ ಕಾವೇರಿ ಮುಂದೆ ಹರಿಯುವ ತಮಿಳುನಾಡಿನಲ್ಲಿ, ಅರಿಯಲೂರಿನ ಸುತ್ತಿನ ಮಡ್ಡಿಗಲ್ಲುಗಳಲ್ಲಿ, ಅವುಗಳ ಎಲುಬು ದೊರೆತಿವೆ.

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ಮಾತ್ರ ಚಿತ್ರಕ್ಕೆ ಜಯ ದೊರೆಯುತ್ತದೆ. ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸರ್ಕಾರ 1940ರಲ್ಲಿ ಈ ನಡುಗಡ್ಡೆಗಳನ್ನು ಪಕ್ಷಿಧಾಮವಾಗಿ ಘೋಷಿಸಿತು. ದೋಣಿಯಲ್ಲಿ ಕುಳಿತು ನೋಡಿರಿ: ಮೇಲೆ ಮರದ ತುಂಬ ಬಣ್ಣದ ಕೊಕ್ಕರೆ, ಬಾಯ್ಕಳಕ, ಹೆಜ್ಜಾರ್ಲೆ, ಕೆಳಗೆ ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯುವ ಮೊಸಳೆ. ಮೊಸಳೆಗೆ ಹಲ್ಲಿಗಿಂತ ಹತ್ತಿರದ ನೆಂಟ ಈ ಕೊಕ್ಕರೆಯೇ. ಎರಡಕ್ಕೂ ಹೃದಯದಲ್ಲಿ ನಾಲ್ಕು ಕೋಣೆಗಳು. ಎರಡೂ ಗೂಡು ಮಾಡಿ ಮೊಟ್ಟೆಯನ್ನು ಕಾಯುತ್ತವೆ. ಮೊಸಳೆ ತನ್ನ ಮರಿಗಳನ್ನು ಬಾಯಲ್ಲಿ ಹೊತ್ತು ನೀರಿಗೊಯ್ಯುತ್ತದೆ. ಇವೆರಡರ ನಡುವಣ ಕವಲಿನಲ್ಲಿ ಡೈನೋಸಾರುಗಳಿದ್ದುವು, ಮತ್ತು ಅವುಗಳ ಒಂದು ಶಾಖೆಯೇ ಹಕ್ಕಿ. ಚಿತ್ರದ ಆರಂಭದಲ್ಲಿ ವಿಜ್ಞಾನಿ ಈ ಮಾತನ್ನೆತ್ತಿದಾಗ ಸುತ್ತಲಿನವರು ನಗುತ್ತಾರೆ. 1996ರಲ್ಲಿ ಚೀನದಿಂದ ಗರಿತುಪ್ಪಳದ ಡೈನೋಸಾರಿನ ಸುದ್ದಿ ಬಂದ ಮೇಲೆ ಆ ನಗು ಅಡಗಿತು.

ಅದೇ ಚಿತ್ರ ತನ್ನ ವೆಲಾಸಿರ್ಯಾಪ್ಟರನ್ನು ಬೋಳುಮೈಯಾಗಿ ತೋರಿಸಿದೆ. ಅದರ ಮುಂಗೈಯೆಲುಬಿನಲ್ಲಿ ಗರಿ ನೆಟ್ಟಿದ್ದ ಗುರುತು ಕಂಡುಬಂದದ್ದು 2007ರಲ್ಲಿ. ಆದುದರಿಂದ ಈ ತಪ್ಪನ್ನು ಮನ್ನಿಸಬಹುದು. ಟರ್ಕಿ ಕೋಳಿಯ ಗಾತ್ರದ ಪ್ರಾಣಿಯನ್ನು ಆಳೆತ್ತರಕ್ಕೆ ಬೆಳೆಸಿದ್ದನ್ನು ನಾನು ಮನ್ನಿಸಲಾರೆ; ಅದರ ಅಳತೆ ಆಗಲೇ ತಿಳಿದಿತ್ತು. ಅಲುಗಾಡದೆ ನಿಂತರೆ ಟೈರನೋಸಾರಸ್ಸಿಗೆ ಕಾಣುವುದಿಲ್ಲವೆಂಬುದಕ್ಕೂ ಆಧಾರವಿಲ್ಲ. ಮುಂದಕ್ಕೆ ತಿರುಗಿದ ಅದರ ಕಣ್ಣುಗಳು ಒಳ್ಳೆಯ ಬೇಟೆಗಾರನವು.

ಕಾವೇರಿಯಲ್ಲಿ ಪ್ರವಾಹ ಬಂದು ಕೃಷ್ಣರಾಜಸಾಗರದಿಂದ ನೀರನ್ನು ಹೆಚ್ಚಾಗಿ ಬಿಟ್ಟ ವರ್ಷಗಳಲ್ಲಿ ರಂಗನತಿಟ್ಟಿನ ದಿಬ್ಬಗಳು ಮುಳುಗುತ್ತವೆ, ತಗ್ಗಿನ ಗೂಡುಗಳು ಮೊಟ್ಟೆಮರಿಗಳೊಡನೆ ಕೊಚ್ಚಿಹೋಗುತ್ತವೆ. ಅವನ್ನು ಮರಳಿ ಹುಟ್ಟಿಸಬಲ್ಲ ರಾಳ ಯಾವ ಗಣಿಯಲ್ಲಿಯೂ ಇಲ್ಲ. ಚಿತ್ರದ ಕೊನೆಯ ದೃಶ್ಯ ನೆನಪಿದೆಯೆ? ದ್ವೀಪದಿಂದ ಪಾರಾದ ವಿಜ್ಞಾನಿ ಹೆಲಿಕಾಪ್ಟರಿನ ಕಿಟಕಿಯಿಂದ ಹೊರಗೆ ನೋಡುತ್ತಾನೆ. ಕೆಳಗೆ ಸಮುದ್ರದ ಮೇಲೆ ಸಾಲುಗಟ್ಟಿ ಹಾರುವ ಹಕ್ಕಿಗಳು ಕಾಣುತ್ತವೆ. ಅವು ಹೆಜ್ಜಾರ್ಲೆಗಳು.