ಬಿಟ್ಟು ಬರುವ ಕಾಯ್ದೆಯನ್ನು ಓದುವ ಬಗೆ

 

ಲಾ ಕಾಲೇಜಿನಲ್ಲಿ ಬ್ರೆಕ್ಸಿಟ್ ಮೇಲೆ ಪ್ರಬಂಧ ಕೇಳಿದ್ದಾರಂತೆ. ನೀನು ಆಗ ಬ್ರಿಟನ್ನಿನ ಪ್ರಧಾನಿಗಳಾಗಿದ್ದ ಥೆರೇಸಾ ಮೇ, ಬೋರಿಸ್ ಜಾನ್ಸನ್ ಭಾಷಣಗಳನ್ನೆಲ್ಲ ಕೂಡಿಹಾಕಿಕೊಂಡು ಕೂತಿದ್ದೀಯಂತೆ. ನಿಮ್ಮಪ್ಪ ಹೇಳಿದ. ಅವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಕಾಯ್ದೆ ತೆಗೆ. ಯುರೋಪಿಯನ್ ಒಕ್ಕೂಟ ಬಿಡುವುದು ಭಾಷಣದಲ್ಲಿ ಒಂದೇ ಮಾತು. ಕಾಯ್ದೆಯಲ್ಲಿ ಅದು ಏನನ್ನು ಉಳಿಸಿಕೊಳ್ಳಬೇಕು, ಉಳಿದದ್ದನ್ನು ತಿದ್ದುವ ಅಧಿಕಾರ ಯಾರಿಗೆ ಎಂಬ ಜಗಳ.

2018ರ ವಿತ್‌ಡ್ರಾಯಲ್ (ನಿರ್ಗಮನ) ಕಾಯ್ದೆಯಿಂದಲೇ ಶುರುಮಾಡು. ಒಂದನೇ ಸೆಕ್ಷನ್ ಒಂದೇ ಸಾಲು: ಬ್ರಿಟನ್ನಿನೊಳಕ್ಕೆ ಯುರೋಪಿನ ಕಾನೂನು ಹರಿದುಬರಲು ಬಿಟ್ಟಿದ್ದ 1972ರ ಕಾಯ್ದೆ, ನಿರ್ಗಮನದ ದಿನ ರದ್ದು. ಚಪ್ಪಾಳೆ ಬಿದ್ದದ್ದು ಇದಕ್ಕೆ. ಮುಂದಿನ ಸೆಕ್ಷನ್‌ಗಳನ್ನು ಓದು. ಬಿಟ್ಟುಬಂದ ಒಕ್ಕೂಟದ ಕಾನೂನನ್ನೇ ಸ್ವಂತ ಕಾನೂನಾಗಿ ಇಟ್ಟುಕೊಳ್ಳುವ ಏರ್ಪಾಡು ಅಲ್ಲಿದೆ. ಬೇರೆ ದಾರಿಯೂ ಇರಲಿಲ್ಲ. ಔಷಧಿ, ರಾಸಾಯನಿಕ, ವಿಮಾನಯಾನ, ಕೆಲಸದ ಅವಧಿ, ಹೀಗೆ ನಾಲ್ಕು ದಶಕಗಳಲ್ಲಿ ಎಷ್ಟೋ ನಿಯಮಗಳು ಅಲ್ಲಿಂದ ಬಂದಿದ್ದವು. ರಾತ್ರೋರಾತ್ರಿ ಕಿತ್ತರೆ ಆ ಜಾಗ ಖಾಲಿ.

ನಮಗಿದು ಹೊಸದಲ್ಲ. ನಮ್ಮ ಸಂವಿಧಾನದ 395ನೇ ವಿಧಿ 1935ರ ಭಾರತ ಸರ್ಕಾರ ಕಾಯ್ದೆಯನ್ನು ರದ್ದುಮಾಡಿತು. 372ನೇ ವಿಧಿ ಹಿಂದಿನ ಉಳಿದ ಕಾನೂನುಗಳನ್ನು ಬದಲಾಯಿಸುವ ತನಕ ಜಾರಿಯಲ್ಲಿಟ್ಟಿತು. ಅಷ್ಟೇಕೆ, 1956ರಲ್ಲಿ ಕರ್ನಾಟಕ ಏಕೀಕರಣವಾದ ಮರುದಿನವೂ ಧಾರವಾಡದಲ್ಲಿ ಮುಂಬಯಿ ಕಾನೂನು, ಕಲಬುರಗಿಯಲ್ಲಿ ಹೈದರಾಬಾದ್ ಕಾನೂನು ನಡೆಯುತ್ತಿತ್ತು.

ತೊಡಕಿರುವುದು ತಿದ್ದುವುದರಲ್ಲಿ. ಯುರೋಪಿನ ನಿಯಮವೊಂದು ‘ಆಯೋಗಕ್ಕೆ ವರದಿ ಕೊಡಬೇಕು’ ಎನ್ನುತ್ತದೆ ಅಂದುಕೋ. ಬಿಟ್ಟಮೇಲೆ ಯಾವ ಆಯೋಗ? ಬ್ರಸೆಲ್ಸ್‌ನ ಯುರೋಪಿಯನ್ ಆಯೋಗದ ಹೆಸರು ಹೊಡೆದುಹಾಕಿ ಲಂಡನ್ನಿನ ಇಲಾಖೆಯ ಹೆಸರು ಬರೆಯಬೇಕು. ಇಂಥವು ಲೆಕ್ಕವಿಲ್ಲದಷ್ಟು, ಒಂದೊಂದಕ್ಕೂ ಮಸೂದೆ ತಂದರೆ ಮುಗಿಯುವ ಕೆಲಸವಲ್ಲ. ಅದಕ್ಕೇ 8ನೇ ಸೆಕ್ಷನ್: ಮಂತ್ರಿಗಳೇ ನಿಯಮ ಹೊರಡಿಸಿ ತಿದ್ದಬಹುದು, ಬೇಕಾದರೆ ಸಂಸತ್ತು ಮಾಡಿದ ಕಾಯ್ದೆಯನ್ನೂ. ಇಂಥ ಅಧಿಕಾರವನ್ನು ಅಲ್ಲಿನ ವಕೀಲರು ಎಂಟನೇ ಹೆನ್ರಿಯ ಹೆಸರಿನಲ್ಲಿ ಕರೆಯುತ್ತಾರೆ. ತನ್ನ ಘೋಷಣೆಗಳಿಗೆ ಕಾಯ್ದೆಯ ಬಲ ಇರಲೆಂದು 1539ರಲ್ಲಿ ಕಾನೂನು ಮಾಡಿಸಿಕೊಂಡ ದೊರೆ ಅವನು! 8ನೇ ಸೆಕ್ಷನ್ನಿನಡಿ ತೆರಿಗೆ ಹಾಕುವಂತಿಲ್ಲ, ಎರಡು ವರ್ಷದ ಗಡುವು ಮೀರುವಂತಿಲ್ಲ ಎಂಬ ಕಟ್ಟುಪಾಡು ಇತ್ತು, ನಿಜ. ಇದ್ದರೂ ಅಧಿಕಾರ ದೊಡ್ಡದೇ.

ಸಂಸತ್ತು ಸುಮ್ಮನೆ ಕೂರಲಿಲ್ಲ. ಒಕ್ಕೂಟದ ಜೊತೆ ಮಾಡಿಕೊಳ್ಳುವ ನಿರ್ಗಮನ ಒಪ್ಪಂದವನ್ನು ಜಾರಿಮಾಡುವ ಮೊದಲು ಅದಕ್ಕೊಂದು ಪ್ರತ್ಯೇಕ ಕಾಯ್ದೆ ಆಗಲೇಬೇಕು ಎಂದು ಆಡಳಿತ ಪಕ್ಷದವರೇ ಆದ ಡೊಮಿನಿಕ್ ಗ್ರೀವ್ ತಿದ್ದುಪಡಿ ತಂದರು. 2017ರ ಡಿಸೆಂಬರ್ 13ರಂದು ಅದು 309–305ರಲ್ಲಿ ಗೆದ್ದಿತು. ನಾಲ್ಕೇ ಮತದ ಅಂತರ. ಆ ಒಪ್ಪಂದಕ್ಕೆ ಸದನದ ಒಪ್ಪಿಗೆ ಬೇಕೆಂಬ 13ನೇ ಸೆಕ್ಷನ್ ಕೂಡ ಕಾಯ್ದೆಗೆ ಸೇರಿತು. 2019ರ ಜನವರಿಯಲ್ಲಿ ಮೇ ಅವರ ಒಪ್ಪಂದ 432–202ರಲ್ಲಿ ಬಿದ್ದುಹೋದದ್ದು ಈ ಸೆಕ್ಷನ್ನಿನ ಅಡಿಯಲ್ಲೇ. ಆಮೇಲಿನ ಚುನಾವಣೆಯಲ್ಲಿ ಜಾನ್ಸನ್‌ಗೆ 80 ಸ್ಥಾನಗಳ ಬಹುಮತ ಸಿಕ್ಕಿತು. 2020ರ ನಿರ್ಗಮನ ಒಪ್ಪಂದದ ಕಾಯ್ದೆ 13ನೇ ಸೆಕ್ಷನ್ನನ್ನೇ ತೆಗೆದುಹಾಕಿತು. ಅದೇ ವರ್ಷದ ಡಿಸೆಂಬರ್ 24ರಂದು ಕುದುರಿದ ವ್ಯಾಪಾರ ಒಪ್ಪಂದ ಸಾವಿರಕ್ಕೂ ಮೀರಿದ ಪುಟಗಳದ್ದು. ಅದನ್ನು ಜಾರಿಗೊಳಿಸುವ ಮಸೂದೆ 30ರಂದು ಒಂದೇ ದಿನದಲ್ಲಿ ಎರಡೂ ಸದನ ದಾಟಿತು. ಓದಿ ಕೈ ಎತ್ತಿದವರು ಎಷ್ಟು ಜನ ಇದ್ದಾರು? ಅಧಿಕಾರವನ್ನು ಬ್ರಸೆಲ್ಸ್‌ನಿಂದ ಸಂಸತ್ತಿಗೆ ತರುತ್ತೇವೆ ಎಂದವರು ಅದರ ದೊಡ್ಡ ಪಾಲನ್ನು ಮಂತ್ರಿಗಳ ಮೇಜಿಗೆ ತಂದರು. ಇದು ನನ್ನ ತೀರ್ಮಾನ. ನೀನು ಒಪ್ಪಬೇಕೆಂದಿಲ್ಲ, ಆದರೆ ಒಪ್ಪದಿದ್ದರೆ ಸೆಕ್ಷನ್ ಹಿಡಿದು ಜಗಳಕ್ಕೆ ಬಾ.

ಕೊನೆಗೆ ಆದದ್ದನ್ನೂ ಬರೆ. ಮಂತ್ರಿಗಳು ಉಳಿಸದ ಯುರೋಪಿನ ನಿಯಮಗಳೆಲ್ಲ 2023ರ ಕೊನೆಗೆ ತಾವಾಗಿ ಬಿದ್ದುಹೋಗಲಿ ಎಂಬ ಮಸೂದೆ ಬಂತು. ಸರ್ಕಾರವೇ ಹಿಂಜರಿದು, ಸುಮಾರು 600 ನಿಯಮಗಳನ್ನು ಪಟ್ಟಿಮಾಡಿ ಅಷ್ಟನ್ನೇ ತೆಗೆಯಿತು. ಮಿಕ್ಕವು ಉಳಿದವು.

ಪ್ರಬಂಧ ಮುಗಿದಮೇಲೆ ನನಗೊಂದು ಪ್ರತಿ ಕಳಿಸು. 8ನೇ ಸೆಕ್ಷನ್ ಓದದೆ ಬರೆದಿದ್ದರೆ ಮಾತ್ರ ಕಳಿಸಬೇಡ.