ರಂಜಕದ ಕಲ್ಲಿಗೆ ತೌಡಿನೆಣ್ಣೆ, ಮೆಕ್ಕೆಜೋಳದ ಗಂಜಿ

ಕೊಲ್ಹಾಪುರ ಜಿಲ್ಲೆಯ ಉತ್ತೂರ, ಗಡಹಿಂಗ್ಲಜ ಕಡೆಯ ಕಬ್ಬಿಗೆ ಹಾಕುವ ಸೂಪರ್ ಫಾಸ್ಫೇಟ್ ಹುಟ್ಟುವುದು ರಂಜಕದ (ಫಾಸ್ಫರಸ್) ಕಲ್ಲಿನಿಂದ. ಕೊಲ್ಹಾಪುರದ ಗುಡ್ಡಗಳಲ್ಲಿ ಬಾಕ್ಸೈಟ್ ಸಿಗುತ್ತದೆ, ಈ ಕಲ್ಲು ಸಿಗುವುದಿಲ್ಲ. ಅದರ ದೊಡ್ಡ ಗಣಿ ಇರುವುದು ರಾಜಸ್ಥಾನದ ಉದಯಪುರದ ಹತ್ತಿರ, ಝಾಮರಕೋಟ್ರಾದಲ್ಲಿ. 1968ರಲ್ಲಿ ಪತ್ತೆಯಾದ ನಿಕ್ಷೇಪ. ಅಲ್ಲಿಯ ಮೇಲ್ದರ್ಜೆಯ ಕಲ್ಲಿನಲ್ಲಿ ಫಾಸ್ಫರಸ್ ಪೆಂಟಾಕ್ಸೈಡ್ ಶೇ. 30ರಷ್ಟಿದ್ದರೆ, ಕೆಳದರ್ಜೆಯದರಲ್ಲಿ ಹೆಚ್ಚುಕಡಿಮೆ ಅದರ ಅರ್ಧ. ಮಿಕ್ಕದ್ದರಲ್ಲಿ ಬಹುಪಾಲು ಡೋಲಮೈಟ್ ಎಂಬ, ಸುಣ್ಣಕಲ್ಲಿನ ಜಾತಿಯ ಖನಿಜ. ಈ ಕೆಳದರ್ಜೆಯ ಕಲ್ಲನ್ನು ಹಾಗೆಯೇ ಕಾರ್ಖಾನೆಗೆ ಕೊಟ್ಟರೆ, ಗೊಬ್ಬರ ಮಾಡಲು ಹಾಕುವ ಗಂಧಕಾಮ್ಲವನ್ನು ಡೋಲಮೈಟೇ ಕುಡಿದುಬಿಡುತ್ತದೆ.

ಹಾಗಾಗಿ ಮೊದಲು ಬೇರ್ಪಡಿಸಬೇಕು. ಕಲ್ಲನ್ನು ನುಣ್ಣಗೆ ಅರೆದು ನೀರಿಗೆ ಹಾಕಿ, ಸೋಡಾ ಬೆರೆಸಿ ಕ್ಷಾರಗೊಳಿಸುತ್ತಾರೆ. ಆಮೇಲೆ ಎಣ್ಣೆಯ ಕೊಬ್ಬಿನಾಮ್ಲ ಸೇರಿಸುತ್ತಾರೆ. ಕ್ಷಾರದಲ್ಲಿ ಅದು ಸಾಬೂನೇ ಆಗುತ್ತದೆ. ಸಾಬೂನಿನ ಅಣುವಿನ ಒಂದು ತುದಿ ರಂಜಕದ ಹರಳಿನ ಕ್ಯಾಲ್ಸಿಯಂ ಹಿಡಿಯುತ್ತದೆ, ಇನ್ನೊಂದು ತುದಿ ನೀರಿಗೆ ಬೆನ್ನು ಹಾಕುತ್ತದೆ. ಕೆಳಗಿನಿಂದ ಗಾಳಿ ಊದಿದರೆ ಆ ಹರಳುಗಳು ಗುಳ್ಳೆ ಹಿಡಿದು ಮೇಲೇರುತ್ತವೆ. ನೊರೆಯನ್ನು ಬಳಿದು ತೆಗೆದರಾಯಿತು.

ತೊಡಕು ಇಲ್ಲೇ ಇದೆ, ನಿಧಾನವಾಗಿ ಗಮನಿಸಿ. ರಂಜಕದ ಜೊತೆ ಬೆರೆತಿರುವ ಸುಣ್ಣಕಲ್ಲಿನಲ್ಲೂ ಡೋಲಮೈಟಿನಲ್ಲೂ ಕ್ಯಾಲ್ಸಿಯಂ ಇದೆ! ಸಾಬೂನು ಅವನ್ನೂ ಹಿಡಿಯುತ್ತದೆ, ಎಲ್ಲವೂ ಒಟ್ಟಿಗೆ ತೇಲುತ್ತವೆ. ಬೇಡದ್ದನ್ನು ಮೊದಲೇ ಮುಚ್ಚಿ ಮುಳುಗಿಸಬೇಕು. 1960ರ ದಶಕದಲ್ಲಿ ಬ್ರೆಜಿಲಿನ ಪಾವ್ಲೊ ಆಬಿಬ್ ಆಂಡೇರಿ ಅವರು ಜಕುಪಿರಂಗಾ ಗಣಿಗೆ ರೂಪಿಸಿದ ವಿಧಾನದಲ್ಲಿ ಆ ಕೆಲಸ ಮಾಡಿದ್ದು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದ ಮೆಕ್ಕೆಜೋಳದ ಪಿಷ್ಟ. ಇಚಲಕರಂಜಿಯ ಮಗ್ಗಗಳಿಗೆ ಹೋಗುವ ಹಾಸುನೂಲಿಗೆ ಗಂಜಿ ಕುಡಿಸುವವರಿಗೆ ಈ ಪಿಷ್ಟ ಹೊಸದಲ್ಲ. ಅಲ್ಲಿ ಅದು ನೂಲನ್ನು ಮುಚ್ಚಿ ಗಟ್ಟಿ ಮಾಡುತ್ತದೆ, ಇಲ್ಲಿ ಸುಣ್ಣಕಲ್ಲಿನ ಕಣವನ್ನು ಮುಚ್ಚಿ ಸಾಬೂನಿನಿಂದ ದೂರವಿಡುತ್ತದೆ. ಮರದ ಟ್ಯಾನಿನ್ ಕೂಡ ಇದೇ ಕೆಲಸಕ್ಕೆ ಬರುತ್ತದೆ. ಕೊಲ್ಹಾಪುರಿ ಚಪ್ಪಲಿಯ ತೊಗಲು ಹದಮಾಡುವ ಅಳಲೆಕಾಯಿಯಲ್ಲಿ ಇರುವುದೂ ಟ್ಯಾನಿನ್ನೇ.

ಒಂದೇ ಪಾಕ ಎಲ್ಲ ಗಣಿಗೂ ಒಗ್ಗುವುದಿಲ್ಲ. ಡೋಲಮೈಟ್ ಹೆಚ್ಚಿರುವ ಕಲ್ಲಿಗೆ ಎಷ್ಟೋ ಕಡೆ ಉಲ್ಟಾ ದಾರಿ: ರಂಜಕವನ್ನು ಮುಳುಗಿಸಿ ಡೋಲಮೈಟನ್ನೇ ತೇಲಿಸುತ್ತಾರೆ. ನೀರು ಗಡಸಾಗಿದ್ದರೆ ಅದರ ಕ್ಯಾಲ್ಸಿಯಮ್ಮೇ ಸಾಬೂನನ್ನು ನುಂಗುತ್ತದೆ.

ಈ ಎಣ್ಣೆ, ಪಿಷ್ಟ ಗಿಡಮೂಲದ್ದೆಂದ ಮಾತ್ರಕ್ಕೆ ನಿರಪಾಯಕಾರಿಯಲ್ಲ. ಊಟದ ಎಣ್ಣೆಯನ್ನು ಗಣಿಗೆ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ತೌಡಿನೆಣ್ಣೆ ಶುದ್ಧಿ ಮಾಡುವಾಗ ಬೇರೆಯಾಗುವ ಕೊಬ್ಬಿನಾಮ್ಲ ಈ ಕೆಲಸಕ್ಕೆ ಸಾಕು. ಗಂಜಿನೀರು ಹಳ್ಳ ಸೇರಿದರೆ ಕೊಳೆತು, ಮೀನಿಗೆ ಬೇಕಾದ ಆಮ್ಲಜನಕವನ್ನು ಕಸಿಯುತ್ತದೆ. ಆ ನೀರನ್ನು ಶೋಧಿಸಿ ಮತ್ತೆ ಬಳಸುವ ವ್ಯವಸ್ಥೆ ಇಲ್ಲದ ಘಟಕಕ್ಕೆ ಅನುಮತಿ ಕೊಡಬಾರದು.